ಅಸ್ಸಾಮಿನ ಗಡಿಯಾರ ಮುಂದೆ ಹೋಗಲಿ, ವಿಜಯಪುರದ್ದು ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಇಡೀ ದೇಶದ ಗಡಿಯಾರವನ್ನು ಅರ್ಧ ತಾಸು ಮುಂದೆ ಹಾಕಬೇಕು ಎನ್ನುವ ಸಲಹೆ ಆಗಾಗ ಪತ್ರಿಕೆಗಳಲ್ಲಿ ಕಾಣುತ್ತದೆ. ಈಶಾನ್ಯ ರಾಜ್ಯಗಳಲ್ಲಿ ಹೊತ್ತು ಬೇಗ ಹುಟ್ಟಿ ಬೇಗ ಮುಳುಗುತ್ತದೆ. ಅವರಿಗೆ ಬೇರೆ ಸಮಯ ಕೊಟ್ಟರೆ ಗೊಂದಲ. ಅದರ ಬದಲು ಎಲ್ಲರೂ ಅರ್ಧ ತಾಸು ಮುಂದೆ ಹೋದರೆ ಯಾರಿಗೂ ತೊಂದರೆ ಇಲ್ಲ ಅನ್ನುವುದು ಈ ಸಲಹೆ ಕೊಡುವವರ ವಾದ. ಆದರೆ ತೊಂದರೆ ಇದೆ. ಅದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ವಿಜಯಪುರದವಳು, ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಮಗಳು ಬ್ಯಾಂಕ್ ನೌಕರಿ ಮಾಡುತ್ತಾಳೆ. ವರ್ಗವಾಗಿ ಈಗ ಅಸ್ಸಾಮಿನ ದಿಬ್ರುಗಢದಲ್ಲಿದ್ದಾಳೆ. ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ಚಳಿಗಾಲದಲ್ಲಿ ನಾನು ಅವಳ ಮನೆಯಲ್ಲಿ ಇದ್ದು ಬಂದಿದ್ದೇನೆ. ಎರಡೂ ಊರಿನ ಮುಂಜಾನೆ, ಎರಡೂ ಊರಿನ ಸಂಜೆ ನನಗೆ ಗೊತ್ತು. ದಿಬ್ರುಗಢಕ್ಕೆ ಅದರದೇ ಸಮಯ ಬೇಕೇ ಬೇಕು. ನಮ್ಮ ಗಡಿಯಾರವನ್ನು ಮಾತ್ರ ಮುಟ್ಟಬಾರದು.

ಮೊದಲು ಲೆಕ್ಕ ನೋಡೋಣ. ಐದನೇ ಕ್ಲಾಸಿನ ಮಕ್ಕಳಿಗೆ ಗೋಳ ತಿರುಗಿಸಿ ಹೇಳಿಕೊಡುತ್ತಿದ್ದ ಲೆಕ್ಕವೇ ಇದು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಭಾರತದ ಸಮಯ ಎಣಿಸುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದಿಂದ. ನಮ್ಮ ವಿಜಯಪುರ ಇರುವುದು 75.7ರಲ್ಲಿ. ಅಂದರೆ ನಮ್ಮ ಗಡಿಯಾರ ಈಗಾಗಲೇ ನಮ್ಮ ಸೂರ್ಯನಿಗಿಂತ ಸುಮಾರು 27 ನಿಮಿಷ ಮುಂದಿದೆ. ಗಡಿಯಾರದಲ್ಲಿ ಹನ್ನೆರಡು ಆದಾಗ ಸೂರ್ಯ ಇನ್ನೂ ನಮ್ಮ ನೆತ್ತಿಗೆ ಬಂದಿರುವುದಿಲ್ಲ. ಬೆಳಗಾವಿ ನಮಗಿಂತ ಪಶ್ಚಿಮಕ್ಕಿದೆ, ಅಲ್ಲಿ ಈ ಅಂತರ ಅರ್ಧ ತಾಸು ದಾಟುತ್ತದೆ. ದಿಬ್ರುಗಢ ಇರುವುದು 95 ಡಿಗ್ರಿಯ ಹತ್ತಿರ. ಅಲ್ಲಿ ಪೂರಾ ಉಲ್ಟಾ, ಗಡಿಯಾರವೇ ಸೂರ್ಯನಿಗಿಂತ 50 ನಿಮಿಷ ಹಿಂದೆ. ಎರಡೂ ಸೇರಿದರೆ ನಮ್ಮೂರಿಗೂ ಮಗಳ ಊರಿಗೂ ಒಂದೂಕಾಲು ತಾಸಿನ ಅಂತರ. ಕೈಗಡಿಯಾರದಲ್ಲಿ ಮಾತ್ರ ಅಂತರ ಸೊನ್ನೆ.

ಇದರ ಮೇಲೆ ಉತ್ತರ ದಕ್ಷಿಣದ ವ್ಯತ್ಯಾಸವೂ ಸೇರುತ್ತದೆ. ದಿಬ್ರುಗಢ ನಮಗಿಂತ ಬಹಳ ಉತ್ತರಕ್ಕಿರುವುದರಿಂದ ಬೇಸಿಗೆಯಲ್ಲಿ ಅಲ್ಲಿನ ಹಗಲು ಜಾಸ್ತಿ ಉದ್ದ, ಚಳಿಗಾಲದಲ್ಲಿ ಜಾಸ್ತಿ ಗಿಡ್ಡ. ಜೂನ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ನಾಲ್ಕೂಕಾಲಿಗೆ. ನಮ್ಮಲ್ಲಿ ಆರಕ್ಕೆ ಐದು ನಿಮಿಷ ಇರುವಾಗ. ಡಿಸೆಂಬರ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ 4:20ರ ಸುಮಾರಿಗೆ. ನಮ್ಮಲ್ಲಿ ಆರಕ್ಕೆ.

ನಾಲ್ಕೂಕಾಲಿಗೆ ಬೆಳಗಾಗುವುದು ಅಂದರೆ ಏನು ಅಂತ ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲಿ ಗೊತ್ತಾಯಿತು. ಮಗಳ ಮನೆಯ ಮಲಗುವ ಕೋಣೆಗೆ ಪೂರ್ವದ ಕಿಟಕಿ. ನಾನು ಹೊಲಿದು ಕಳಿಸಿದ್ದ ಕೌದಿಯನ್ನು ಅವಳು ಹಾಸಲಿಕ್ಕೆ ಬಳಸಿರಲಿಲ್ಲ. ಕಿಟಕಿಯ ಸರಳಿಗೆ ಎರಡು ಮಡಿಕೆ ಮಾಡಿ ಕಟ್ಟಿದ್ದಳು. ಪರದೆ ಸಾಲುವುದಿಲ್ಲ, ಕೌದಿ ಕಟ್ಟಿದರೆ ಮೊಮ್ಮಗಳು ಐದೂವರೆಯವರೆಗಾದರೂ ಮಲಗುತ್ತಾಳೆ ಅಂದಳು. ಹಾಗಿದ್ದರೂ ಅಂಚಿನ ಹೊಲಿಗೆಯ ಸಂದಿಯಿಂದ ಬಿಸಿಲಿನ ಗೆರೆ ಗೋಡೆಗೆ ಬೀಳುತ್ತಿತ್ತು. ಐದು ಗಂಟೆಗೆ ಬೀದಿಯಲ್ಲಿ ನೋಡಿದರೆ ನಮ್ಮೂರಿನ ಏಳರ ಹೊತ್ತಿನ ಬಿಸಿಲು. ಬ್ಯಾಂಕ್ ಬಾಗಿಲು ತೆರೆಯುವುದು ಹತ್ತಕ್ಕೆ. ಅಷ್ಟರಲ್ಲಿ ಹೊತ್ತು ಹುಟ್ಟಿ ಐದೂಮುಕ್ಕಾಲು ತಾಸು ಆಗಿರುತ್ತದೆ. ಮನುಷ್ಯರು ಚುರುಕಾಗಿ ಕೆಲಸ ಮಾಡುವ ಹೊತ್ತೆಲ್ಲ ಕಚೇರಿ ತೆರೆಯುವ ಮೊದಲೇ ಕಳೆದುಹೋಗುತ್ತದೆ.

ಚಳಿಗಾಲ ಇನ್ನೂ ಕಷ್ಟ. ಬ್ಯಾಂಕಿನಲ್ಲಿ ಲೆಕ್ಕ ಮುಗಿಸಿ ಮಗಳು ಹೊರಬರುವಷ್ಟರಲ್ಲಿ ಆರು ಆಗುತ್ತದೆ. ಆಗ ವಿಜಯಪುರದಲ್ಲಿ ಗಾಂಧಿ ಚೌಕದ ಸುತ್ತ ವ್ಯಾಪಾರ ರಂಗೇರುವ ಹೊತ್ತು, ಆಕಾಶದಲ್ಲಿ ಇನ್ನೂ ಕೆಂಪು ಇರುತ್ತದೆ. ಅಲ್ಲಿ ಸೂರ್ಯ ಮುಳುಗಿ ಒಂದೂವರೆ ತಾಸು ಆಗಿರುತ್ತದೆ. ಅಂಗಡಿಗಳು ಒಂದೊಂದೇ ಶಟರ್ ಎಳೆಯುತ್ತಿರುತ್ತವೆ. ರಸ್ತೆಯಲ್ಲಿ ಹೆಣ್ಣುಮಕ್ಕಳು ಕಡಿಮೆ. ಸಂಜೆ ಮುಂಬೈ ಕಚೇರಿಯವರು ವಿಡಿಯೋ ಮೀಟಿಂಗ್ ಇಟ್ಟರೆ ಅವಳಿಗೆ ಅದು ರಾತ್ರಿ ಕೆಲಸವೇ. ಫೋನ್ ಮಾಡಿದಾಗ "ಅವ್ವಾ, ಇಲ್ಲಿ ಕತ್ತಲಾಗಿ ಎಷ್ಟೊತ್ತಾತು, ನಾ ಇನ್ನೂ ದಾರ್ಯಾಗ ಇದ್ದೀನಿ" ಅನ್ನುತ್ತಾಳೆ. ಅವಳು ಮನೆ ಮುಟ್ಟಿದ ಮೇಲೆ ಇನ್ನೊಂದು ಫೋನ್ ಬರುವವರೆಗೆ ನಾನು ಒಲೆ ಹಚ್ಚುವುದಿಲ್ಲ.

ಮೊಮ್ಮಗಳಿಗೆ ಆಟದ ಹೊತ್ತೇ ಸಿಗುವುದಿಲ್ಲ. ಶಾಲೆಯಿಂದ ಬಂದು ಊಟ ಮಾಡಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಮಬ್ಬು. ಊರಿನ ಪಕ್ಕದಲ್ಲೇ ಬ್ರಹ್ಮಪುತ್ರ ಹರಿಯುತ್ತದೆ. 1950ರ ದೊಡ್ಡ ಭೂಕಂಪದ ನಂತರ ನದಿ ಊರನ್ನೇ ಕೊರೆದು ತಿನ್ನತೊಡಗಿತಂತೆ, ಅದಕ್ಕೆ ಒಡ್ಡು ಕಟ್ಟಿದ್ದಾರೆ. ಅದರ ಮೇಲೆ ನಡೆಯುವುದು ಬಹಳ ಚಂದ. ಆದರೆ ಡಿಸೆಂಬರಿನಲ್ಲಿ ದುಡಿಯುವ ತಾಯಿ ವಾರದ ದಿನ ಮಗುವಿನ ಕೈ ಹಿಡಿದು ಆ ಒಡ್ಡಿನ ಮೇಲೆ ಬಿಸಿಲಲ್ಲಿ ನಡೆಯಲಿಕ್ಕೆ ಆಗುವುದೇ ಇಲ್ಲ. ಆ ಮಗು ರಾತ್ರಿ ಎಂಟಕ್ಕೆಲ್ಲ ನಿದ್ದೆ ಹೋಗುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂರುವುದು ಒಂಬತ್ತರ ಮೇಲೆ. ಹಾಗಾಗಿ ಅಜ್ಜಿ ಮೊಮ್ಮಗಳ ಮಾತುಕತೆ ಏನಿದ್ದರೂ ಸಂಜೆ ಏಳರ ಒಳಗೆ.

ಅಲ್ಲಿನವರು ಇದಕ್ಕೆ ದಾರಿ ಕಂಡುಕೊಂಡಿಲ್ಲ ಅಂತಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ಬ್ರಿಟಿಷರ ಕಾಲದಿಂದ 'ಬಾಗಾನ್ ಟೈಮ್' ಅಂತ ಬೇರೆ ಸಮಯ ನಡೆಯುತ್ತಿದೆ. ಬಾಗಾನ್ ಅಂದರೆ ತೋಟ. ತೋಟದ ಗಡಿಯಾರ ದೇಶದ ಸಮಯಕ್ಕಿಂತ ಒಂದು ತಾಸು ಮುಂದೆ. ಮಗಳ ಮನೆಯ ಪಕ್ಕದಲ್ಲಿ ತೋಟದ ಕಚೇರಿಯ ಗುಮಾಸ್ತರೊಬ್ಬರು ಇದ್ದಾರೆ. ಅವರ ಮೊಬೈಲಿನಲ್ಲಿ ಒಂದು ಸಮಯ, ಕೈಗಡಿಯಾರದಲ್ಲಿ ಇನ್ನೊಂದು. ಅವರ ಹೆಂಡತಿ ನನ್ನನ್ನು ನಾಲ್ಕಕ್ಕೆ ಚಹಾಕ್ಕೆ ಕರೆದಾಗ ಯಾವ ನಾಲ್ಕು ಅಂತ ಮಗಳು ಕೇಳಿ ತಿಳಿದುಕೊಂಡಳು. ತೋಟದ ನಾಲ್ಕು, ಅಂದರೆ ನಮ್ಮ ಮೂರು. ಅಲ್ಲಿ ಕೂತು ನೋಡಿದೆ. ಎಲೆ ಕೀಳುವ ಹೆಂಗಸರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು, ತೂಕ ಮಾಡಿಸಿ, ಬೆಳಕಿರುವಾಗಲೇ ಮನೆ ಕಡೆ ಹೊರಟಿದ್ದರು. ಮನೆಗೆ ಹೋಗಿ ನೀರು ತಂದು ಅಡುಗೆ ಮಾಡುವವರೆಗೂ ಅವರಿಗೆ ಹಗಲು ಸಿಗುತ್ತದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಸರ್ಕಾರಿ ಕಚೇರಿಯಲ್ಲಿ ದುಡಿಯುವವರಿಗೆ ಆ ಹಗಲು ಯಾಕೆ ಸಿಗಬಾರದು?

ಇದು ಕಾನೂನಿಗೆ ಹೊರತಾದದ್ದೂ ಅಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಪ್ರದೇಶಕ್ಕೆ ಸ್ಥಳೀಯ ಸಮಯ ಗೊತ್ತು ಮಾಡುವ ಅಧಿಕಾರ ಸರ್ಕಾರಕ್ಕೆ ಇತ್ತು. 2014ರಲ್ಲಿ ಆಗಿನ ಮುಖ್ಯಮಂತ್ರಿ ತರುಣ್ ಗೊಗೊಯ್ ಅವರು ಇಡೀ ಅಸ್ಸಾಮಿಗೇ ಬೇರೆ ಸಮಯ ಬೇಕು ಎಂದು ಬಹಿರಂಗವಾಗಿ ಹೇಳಿದ್ದರು. 2018ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಇದನ್ನೇ ಲೆಕ್ಕ ಸಮೇತ ಬರೆದರು. ದೇಶದ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವವರೇ ಅವರು, ಹೊರಗಿನವರಲ್ಲ. ಅವರು ಹೇಳಿದ ಗೆರೆ 89 ಡಿಗ್ರಿ 52 ನಿಮಿಷ ಪೂರ್ವ ರೇಖಾಂಶ, ಅಂದರೆ ಅಸ್ಸಾಂ ಮತ್ತು ಪಶ್ಚಿಮ ಬಂಗಾಳದ ಗಡಿ. ಅದರ ಪೂರ್ವಕ್ಕೆ ಒಂದು ತಾಸು ಮುಂದೆ, ಪಶ್ಚಿಮಕ್ಕೆ ಈಗಿರುವಂತೆಯೇ.

ಈ ಲೆಕ್ಕವನ್ನು ದಿಬ್ರುಗಢಕ್ಕೆ ಹಾಕಿ ನೋಡಿ. ಜೂನಿನಲ್ಲಿ ಸೂರ್ಯೋದಯ ಐದೂಕಾಲಿಗೆ, ಸೂರ್ಯಾಸ್ತ ಏಳರ ಮೇಲೆ. ಡಿಸೆಂಬರಿನಲ್ಲಿ ಸೂರ್ಯೋದಯ ಏಳರ ಹತ್ತಿರ, ಸೂರ್ಯಾಸ್ತ 5:20ಕ್ಕೆ. ಹೆಚ್ಚುಕಮ್ಮಿ ನಾವು ಬದುಕುವ ಹಾಗೆಯೇ ಆಯಿತು, ಅಲ್ವಾ?

ಈಗ ಅರ್ಧ ತಾಸಿನ ಸಲಹೆಗೆ ಬರುತ್ತೇನೆ. ಇದನ್ನು ಲೆಕ್ಕ ಹಾಕಿ ಮಂಡಿಸಿದವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ವಿದ್ವಾಂಸರು, ಡಿ. ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜಾ. ಅವರ ಮೇಲೆ ನನಗೆ ಗೌರವವಿದೆ. ಸಂಜೆ ದೀಪ ಹಚ್ಚುವುದು ಅರ್ಧ ತಾಸು ತಡವಾದರೆ, ಎಲ್ಲರೂ ಒಮ್ಮೆಲೇ ಕರೆಂಟ್ ಬಳಸುವ ಹೊತ್ತಿನ ಹೊರೆ ಇಳಿಯುತ್ತದೆ ಎನ್ನುವುದು ಅವರ ವಾದ. ಆದರೆ ಅದು 2012ರ ಸುಮಾರಿನ ಲೆಕ್ಕ. ಆಗ ಮನೆಮನೆಯಲ್ಲಿ ಹಳೆಯ ಬಲ್ಬು, ಟ್ಯೂಬ್‌ಲೈಟ್ ಇದ್ದವು. 2015ರಿಂದ ಸರ್ಕಾರದ ಉಜಾಲಾ ಯೋಜನೆಯಲ್ಲೇ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿದ್ದಾರೆ. ಅರವತ್ತು ವಾಟ್ ಉರಿಯುತ್ತಿದ್ದಲ್ಲಿ ಈಗ ಒಂಬತ್ತು ವಾಟ್ ಉರಿಯುತ್ತದೆ. ದೀಪದಿಂದ ಉಳಿಸುವುದು ಮೊದಲಿನಷ್ಟು ಉಳಿದಿಲ್ಲ.

ಉಳಿತಾಯದ ಮಾತು ಹಾಗಿರಲಿ, ನಮ್ಮ ಮುಂಜಾನೆ ಏನಾಗುತ್ತದೆ? ಜನವರಿ ನಡುವಿನಲ್ಲಿ, ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ವಿಜಯಪುರದಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ. ಗಡಿಯಾರ ಅರ್ಧ ತಾಸು ಮುಂದೆ ಹೋದರೆ ಏಳೂವರೆ. ಬೆಳಗಾವಿಯಲ್ಲಿ ಅದರ ಮೇಲೆ ಇನ್ನೊಂದೆರಡು ನಿಮಿಷ.

ಶನಿವಾರದ ಮುಂಜಾನೆ ಶಾಲೆ ನಡೆಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಾನು ಕೆಲಸ ಮಾಡಿದ ಹಳ್ಳಿಯ ಶಾಲೆಗೆ ಪಕ್ಕದ ತಾಂಡಾದಿಂದ ಮಕ್ಕಳು ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದರು. ಚಳಿಗಾಲದಲ್ಲಿ ತಲೆಗೆ ಟವಲ್ ಸುತ್ತಿಕೊಂಡು, ಕೈ ಬಗಲಲ್ಲಿ ಅಡಗಿಸಿಕೊಂಡು ಬರುವರು. ಸುತ್ತಲೂ ಆಳೆತ್ತರದ ಜೋಳ. ಪ್ರಾರ್ಥನೆಗೆ ನಿಂತರೆ ಹಲ್ಲು ಕಟಕಟ ಅನ್ನುವವು. ಆಗ ನಾವು ಬಿಸಿಲು ಬಿದ್ದ ಗೋಡೆಯ ಕಡೆ ಸಾಲು ತಿರುಗಿಸಿ ನಿಲ್ಲಿಸುತ್ತಿದ್ದೆವು. ಆ ಮಕ್ಕಳು ಮನೆ ಬಿಡುವುದು ಏಳಕ್ಕೆ, ಸರಿಯಾಗಿ ಹೊತ್ತು ಹುಟ್ಟುವಾಗ. ಅರ್ಧ ತಾಸು ಮುಂದೆ ಹಾಕಿದರೆ ಕತ್ತಲಲ್ಲೇ ಮನೆ ಬಿಡಬೇಕು. ಜೋಳದ ಬೆಳೆಯ ನಡುವೆ ಹಾವು ಹುಳ ಇರುವ ದಾರಿ ಅದು. ಪಟ್ಟಣದಲ್ಲಿ ಕಾಲೇಜು ಓದುವ ಹುಡುಗಿಯರ ಮಾತು ಬೇರೆಯೇ. ಮೊದಲ ಬಸ್ಸಿಗೆ ಬರುವವರು, ಟ್ಯೂಷನ್ನಿಗೆ ಬರುವವರು ಈಗಲೇ ಮಬ್ಬಿನಲ್ಲಿ ಸ್ಟಾಪಿನಲ್ಲಿ ನಿಂತಿರುತ್ತಾರೆ. ದಿಬ್ರುಗಢದಲ್ಲಿ ನನ್ನ ಮಗಳು ಸಂಜೆ ಪಡುವ ಭಯವನ್ನು ಇವರಿಗೆ ಮುಂಜಾನೆ ಹಂಚಿದಂತೆ ಆಗುತ್ತದೆ ಅಷ್ಟೇ.

ಆ ಮಕ್ಕಳ ಡಬ್ಬಿಗೆ ರೊಟ್ಟಿ ಬಡಿಯುವ ತಾಯಂದಿರನ್ನೂ ನೆನೆಯಿರಿ. ಶಾಲೆಯ ಬಸ್ಸು ಗಡಿಯಾರ ನೋಡಿ ಬರುತ್ತದೆ. ಹೊಲದ ಕೂಲಿ ಹೊತ್ತು ನೋಡಿ ಶುರುವಾಗುತ್ತದೆ. ಎರಡಕ್ಕೂ ಜವಾಬು ಕೊಡುವವಳು ಒಬ್ಬಳೇ. ಬಸ್ಸು ಅರ್ಧ ತಾಸು ಮೊದಲು ಬಂದರೆ ಅವಳು ಅರ್ಧ ತಾಸು ಮೊದಲು ಏಳಬೇಕು. ಹೊಲದಿಂದ ಮರಳುವುದು ಮಾತ್ರ ಹೊತ್ತು ಮುಳುಗಿದ ಮೇಲೆಯೇ. ಅವಳ ನಿದ್ದೆಯ ಅರ್ಧ ತಾಸು ಹೋಯಿತು.

ಬೇಸಿಗೆಯಲ್ಲಿ ಎಲ್ಲರ ನಿದ್ದೆಯೂ ಹೋಗುತ್ತದೆ. ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಹೆಂಚು, ಸ್ಲ್ಯಾಬು ರಾತ್ರಿ ಹತ್ತಾದರೂ ಕಾದಿರುತ್ತವೆ. ಜನ ನೀರು ಹೊಡೆದು, ಹಾಸಿಗೆ ಹಾಸಿ, ಗಾಳಿ ಬರುವವರೆಗೆ ಕೂತು ಮಾತಾಡುತ್ತಾರೆ. ಮನೆ ತಣಿಯುವುದು ಸೂರ್ಯ ಮುಳುಗಿದ ಮೇಲೆ, ಗಡಿಯಾರ ನೋಡಿ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಮೌಲಿಕ್ ಜಗನಾನಿ ಅವರು ಭಾರತದ ಮಕ್ಕಳ ಬಗ್ಗೆ ಮಾಡಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಗಡಿಯಾರದ ಪ್ರಕಾರ ಸೂರ್ಯ ಒಂದು ತಾಸು ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಸುಮಾರು ಅರ್ಧ ತಾಸು ಕಡಿಮೆ. ಯಾಕೆಂದರೆ ಮಲಗುವುದು ತಡವಾಗುತ್ತದೆ, ಶಾಲೆಯ ಗಂಟೆ ಮಾತ್ರ ತಡವಾಗಿ ಹೊಡೆಯುವುದಿಲ್ಲ. ಪಶ್ಚಿಮದ ನಾವು ಈಗಾಗಲೇ ಆ ಕಡೆಯ ಸಾಲಿನಲ್ಲಿದ್ದೇವೆ.

ಇಷ್ಟೆಲ್ಲ ಕಷ್ಟ ನಾವು ಹೊತ್ತರೆ ದಿಬ್ರುಗಢಕ್ಕೆ ಸಿಗುವುದೇನು? ಡಿಸೆಂಬರಿನಲ್ಲಿ 4:20ಕ್ಕೆ ಮುಳುಗುವ ಸೂರ್ಯ 4:50ಕ್ಕೆ ಮುಳುಗುತ್ತಾನೆ. ಮಗಳು ಬ್ಯಾಂಕಿನಿಂದ ಹೊರಬರುವಾಗ ಆಗಲೂ ಕತ್ತಲೇ.

ಎರಡು ಸಮಯ ಇಟ್ಟರೆ ದೇಶದ ಒಗ್ಗಟ್ಟಿಗೆ ಪೆಟ್ಟು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಜಾರಿಗೆ ಬಂತು. ಆದರೆ ಕಲ್ಕತ್ತಾ 1948ರವರೆಗೆ ತನ್ನದೇ ಸಮಯ ಇಟ್ಟುಕೊಂಡಿತ್ತು. ಮುಂಬೈಯಲ್ಲಿ ಸ್ಥಳೀಯ ಸಮಯ 1955ರವರೆಗೂ ಉಳಿದಿತ್ತು, 39 ನಿಮಿಷದ ವ್ಯತ್ಯಾಸ. ಸ್ವಾತಂತ್ರ್ಯ ಹೋರಾಟ ನಡೆದದ್ದು, ದೇಶ ಒಂದಾದದ್ದು, ಸಂವಿಧಾನ ಬಂದದ್ದು ಎಲ್ಲ ಆ ಗಡಿಯಾರಗಳ ಕಾಲದಲ್ಲೇ. ರಂಜಾನ್ ತಿಂಗಳಲ್ಲಿ ನಮ್ಮೂರಿನವರು ಉಪವಾಸ ಬಿಡುವ ಹೊತ್ತಿಗೆ ದಿಬ್ರುಗಢದವರು ಉಪವಾಸ ಬಿಟ್ಟು ಒಂದು ತಾಸಿನ ಮೇಲಾಗಿರುತ್ತದೆ. ಪಂಚಾಂಗವೂ ಊರಿನ ಸೂರ್ಯೋದಯ ಹಿಡಿದೇ ತಿಥಿ ನೋಡುತ್ತದೆ. ಯಾರೂ ಇದನ್ನು ಒಡಕು ಅಂದದ್ದು ನಾನು ಕೇಳಿಲ್ಲ. ನಮ್ಮ ರಾಜ್ಯದಲ್ಲೇ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜೊತೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಮುಂಜಾನೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ಬಿಸಿಲು ನೋಡಿ ಮಾಡಿದ ಏರ್ಪಾಡು ಅದು, ಬಹಳ ಒಳ್ಳೆಯ ಏರ್ಪಾಡು.

ಹಾಗಾದರೆ ಅಸ್ಸಾಂ ಸಹ ಸುಮ್ನೆ ಕಚೇರಿ ಸಮಯ ಬದಲಿಸಿಕೊಳ್ಳಲಿ, ಗಡಿಯಾರ ಯಾಕೆ ಅಂತ ಕೇಳಬಹುದು. ರಾಜ್ಯದ ಕಚೇರಿಗೆ ಅದು ಆದೀತು. ಬ್ಯಾಂಕು, ಅಂಚೆ, ರೈಲು, ಕೇಂದ್ರದ ಶಾಲೆ, ಟಿವಿ ಇವೆಲ್ಲ ದೆಹಲಿ ಮುಂಬೈಯ ಹೊತ್ತಿಗೆ ಕಟ್ಟುಬಿದ್ದಿವೆ. ನಮ್ಮದು ಎರಡು ತಿಂಗಳ ಬಿಸಿಲು. ಅವರದು ವರ್ಷವಿಡೀ ಇರುವ ಅಂತರ.

ರೈಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು ಎನ್ನುವುದು ನಿಜ. ಭೌತ ಪ್ರಯೋಗಾಲಯದವರು ಅದನ್ನೂ ನೋಡಿದ್ದಾರೆ. ಅಸ್ಸಾಂ, ಬಂಗಾಳದ ನಡುವಿನ ಆ ಗಡಿ ಕಿರಿದಾದ ಜಾಗ, ಸಮಯ ಬದಲಿಸಬೇಕಾದ ನಿಲ್ದಾಣಗಳು ಎರಡೇ, ನ್ಯೂ ಕೂಚ್ ಬಿಹಾರ್ ಮತ್ತು ಅಲಿಪುರ್‌ದ್ವಾರ್. ಎರಡು ನಿಲ್ದಾಣದ ಸಿಬ್ಬಂದಿಗೆ ತರಬೇತಿ ಕೊಡಲಾರದಷ್ಟು ನಮ್ಮ ರೈಲ್ವೆ ಬಡವಾಗಿಲ್ಲ. ಇನ್ನೂ ಒಂದು ಸಂಗತಿ ನೋಡಿ. ಬಾಂಗ್ಲಾದೇಶ ಇರುವುದು ದಿಬ್ರುಗಢಕ್ಕಿಂತ ಪಶ್ಚಿಮಕ್ಕೆ. ಆದರೂ ಢಾಕಾದ ಗಡಿಯಾರ ದಿಬ್ರುಗಢಕ್ಕಿಂತ ಅರ್ಧ ತಾಸು ಮುಂದಿದೆ. ಪಕ್ಕದ ಮ್ಯಾನ್ಮಾರ್‌ನಲ್ಲಿ ಒಂದು ತಾಸು ಮುಂದೆ, ಥೇಟ್ ಬಾಗಾನ್ ಟೈಮಿನಷ್ಟೇ.

ಎರಡು ಸಮಯ ಬೇಡ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಕರಡು ನಿಯಮ ಹೊರಡಿಸಿ, ಎಲ್ಲ ವ್ಯವಹಾರಕ್ಕೂ ಭಾರತೀಯ ಕಾಲಮಾನ ಒಂದನ್ನೇ ಬಳಸಬೇಕು ಎಂದು ಜನರ ಅಭಿಪ್ರಾಯವನ್ನೂ ಕೇಳಿತ್ತು. ಕಂಪ್ಯೂಟರ್, ಬ್ಯಾಂಕ್ ವ್ಯವಹಾರಕ್ಕೆ ಸೆಕೆಂಡಿನ ಮಟ್ಟದ ನಿಖರ ಸಮಯ ಬೇಕು, ಅದು ಸರಿ. ಆದರೆ ಆ ನಿಯಮ ತೋಟದ ಹೆಂಗಸರ ಬಾಗಾನ್ ಟೈಮನ್ನು ಕಸಿಯಬಾರದು. ಅದಕ್ಕೆ ಅಲ್ಲಿ ಸ್ಪಷ್ಟವಾಗಿ ಜಾಗ ಕೊಡಬೇಕು. ನಾಳೆ ಪೂರ್ವಕ್ಕೆ ಎರಡನೇ ಸಮಯ ಕೊಡಲು ಬಾಗಿಲು ತೆರೆದೇ ಇರಬೇಕು.

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಸಂಸದರಲ್ಲಿ ನನ್ನ ಕೇಳಿಕೆ ಇಷ್ಟು. ಅರ್ಧ ತಾಸಿನ ಸಲಹೆ ಮತ್ತೆ ದೆಹಲಿಯಲ್ಲಿ ಚರ್ಚೆಗೆ ಬಂದರೆ ನಮ್ಮ ಜನವರಿಯ ಏಳೂವರೆಯ ಸೂರ್ಯೋದಯವನ್ನು ಅಲ್ಲಿ ಹೇಳಿ. ಅಸ್ಸಾಮಿನ ಸಂಸದರು ಒಂದು ತಾಸು ಕೇಳಿದರೆ ಅವರ ಪರವಾಗಿ ನಿಲ್ಲಿ. ಸಂಪಾದಕರಲ್ಲಿಯೂ ಒಂದು ಕೋರಿಕೆ ಇದೆ. ಬರುವ ಜೂನ್ 21 ಮತ್ತು ಡಿಸೆಂಬರ್ 21ರಂದು ವಿಜಯಪುರದ ಸೂರ್ಯೋದಯ, ಸೂರ್ಯಾಸ್ತದ ಸಮಯವನ್ನು ದಿಬ್ರುಗಢದ ಸಮಯದ ಜೊತೆ ಅಕ್ಕಪಕ್ಕ ಅಚ್ಚು ಹಾಕಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ವಿಜಯಪುರ